ಆಲ್ಪಾಕ ಉಣ್ಣೆಯ ಬಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡ್ಡಿ ಹಿಡಿದು ಹೆಣೆಯುತ್ತಾ ಕೂತರೆ ಸಾಕು, ಪಕ್ಕದವರು ನೂಲು ಮುಟ್ಟಿ ನೋಡುತ್ತಾರೆ. ಅದು ಆಲ್ಪಾಕ ಆಗಿದ್ದರೆ ಬೇಗ ಕೈ ತೆಗೆಯುವುದಿಲ್ಲ. ಆಮೇಲೆ ಪ್ರಶ್ನೆಗಳು ಶುರು. ಇಷ್ಟು ವರ್ಷಗಳಲ್ಲಿ ಎದುರು ಸಿಕ್ಕವರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ಪರಿಚಯ

ಆಲ್ಪಾಕ ಅಂದ್ರೆ ಏನು? ಕುರಿ ಜಾತಿನಾ?

ಅಲ್ಲ. ಉದ್ದ ಕತ್ತಿನ ಕುರಿಯ ಹಾಗೆ ಕಂಡರೂ ಅದು ಒಂಟೆಯ ಬಳಗದ ಪ್ರಾಣಿ. ಅದರ ಊರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲು. ಪೆರು, ಬೊಲಿವಿಯಾ, ಚಿಲಿಯ ಉತ್ತರ ಭಾಗ, ಇಲ್ಲೆಲ್ಲ 3,500 ಮೀಟರ್‌ಗೂ ಎತ್ತರದ ಹುಲ್ಲುಗಾವಲುಗಳಲ್ಲಿ ಅದನ್ನು ಸಾಕುತ್ತಾರೆ. ಜಗತ್ತಿನ ಆಲ್ಪಾಕಗಳಲ್ಲಿ ಬಹುಪಾಲು ಪೆರು ದೇಶದಲ್ಲೇ ಇವೆ, ಅದರಲ್ಲೂ ಪುನೊ ಪ್ರಾಂತ್ಯದಲ್ಲಿ ಜಾಸ್ತಿ.

ಅಲ್ಲಿ ಹಗಲು ಬಿಸಿಲು ಸುಡುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಒಂದೇ ದಿನದಲ್ಲಿ ಎರಡನ್ನೂ ತಾಳಿಕೊಳ್ಳಬೇಕಾದ ಮೈಗೆ ಬೆಳೆದ ಉಣ್ಣೆ ಇದು. ಇದರ ಪೂರ್ವಜ ವಿಕುನ್ಯಾ ಎನ್ನುವ ಕಾಡುಪ್ರಾಣಿ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆ ಸಾರಿತು. ಅಲ್ಲಿನ ಜನ ಅದನ್ನು ಸುಮಾರು 6,000 ವರ್ಷಗಳ ಹಿಂದೆಯೇ ಪಳಗಿಸಿದ್ದರು.

ಲಾಮಾನೂ ಇದೂ ಒಂದೇ ಅಲ್ವಾ?

ಹತ್ತಿರದ ನೆಂಟರು, ಆದರೆ ಬೇರೆ ಬೇರೆ. ಲಾಮಾ ದೊಡ್ಡದು, ಬಾಳೆಹಣ್ಣಿನ ಹಾಗೆ ಬಾಗಿದ ಕಿವಿ, ಹೊರೆ ಹೊರಲು ಸಾಕಿದ್ದು. ಆಲ್ಪಾಕ ಅದರ ಅರ್ಧದಷ್ಟು ತೂಕದ್ದು, ಕಿವಿ ನೆಟ್ಟಗೆ, ಮುಖದ ತುಂಬ ಕೂದಲು, ಉಣ್ಣೆಗೆಂದೇ ಸಾಕಿದ್ದು. ಲಾಮಾದ ಮೈಮೇಲೆ ಒರಟು ಕೂದಲು ಹೆಚ್ಚು, ಹಾಗಾಗಿ ಅದು ಹಗ್ಗ, ಚೀಲ, ಹಾಸುಗಳಿಗೆ ಒದಗುತ್ತದೆ. ಒಳಪದರದ ನಯವಾದ ಕೂದಲನ್ನು ಬೇರ್ಪಡಿಸಿದರೆ ಲಾಮಾದಿಂದಲೂ ಒಳ್ಳೆಯ ನೂಲು ಬರುತ್ತದೆ.

ಉಣ್ಣೆ ತೆಗೆಯೋಕೆ ಪ್ರಾಣೀನ ಕೊಲ್ತಾರಾ?

ಇಲ್ಲ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕತ್ತರಿಸುತ್ತಾರೆ. ಆಂಡೀಸ್‌ನಲ್ಲಿ ಮಳೆಗಾಲ ಬಲಿಯುವ ಮೊದಲು, ಅಕ್ಟೋಬರ್ ನವೆಂಬರ್ ಹೊತ್ತಿಗೆ ಈ ಕೆಲಸ ಜೋರು. ಒಂದು ಪ್ರಾಣಿಯಿಂದ ಎರಡು ಮೂರು ಕಿಲೋ ಸಿಗುತ್ತದೆ. ಅದರ ಉಣ್ಣೆ ತಾನಾಗಿ ಉದುರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಕತ್ತರಿಸದೆ ಬಿಟ್ಟರೆ ಸೆಕೆಗಾಲದಲ್ಲಿ ಪ್ರಾಣಿಗೇ ಕಷ್ಟ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಆಂಡೀಸ್‌ನ ಜನ ಆಲ್ಪಾಕದ ಮಾಂಸ ತಿನ್ನುತ್ತಾರೆ, ತುಪ್ಪಳ ಸಮೇತ ಚರ್ಮದ ಹಾಸುಗಳನ್ನೂ ಮಾಡುತ್ತಾರೆ. ಸ್ವೆಟರ್, ಶಾಲಿನ ನೂಲು ಬರುವುದು ಬದುಕಿರುವ ಪ್ರಾಣಿಯ ಮೈಯಿಂದ. ಆದರೆ ತುಪ್ಪಳದ ಹಾಸು, ತುಪ್ಪಳದ ಗೊಂಬೆ ಕೊಳ್ಳುತ್ತಿದ್ದರೆ ಅದು ಚರ್ಮ ಎಂದು ತಿಳಿದೇ ಕೊಳ್ಳಿ.

ಬೇಬಿ ಆಲ್ಪಾಕ ಅಂತ ಬರೆದಿರ್ತಾರಲ್ಲ, ಅದು ಮರಿಗಳ ಉಣ್ಣೆನಾ? ಪಾಪ ಅನ್ಸುತ್ತೆ.

ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ನೆಮ್ಮದಿಯಾಗಿರಿ, ಇಲ್ಲಿ ಬೇಬಿ ಎಂದರೆ ವಯಸ್ಸಲ್ಲ, ಎಳೆ ಎಷ್ಟು ಸಣ್ಣ ಎನ್ನುವ ಲೆಕ್ಕ. ಎಳೆಯ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು 50ರಿಂದ 100 ಮೈಕ್ರಾನ್ ಇರುತ್ತದೆ. ಪೆರು ದೇಶದ ವಿಂಗಡಣೆಯಲ್ಲಿ ಸರಾಸರಿ 23 ಮೈಕ್ರಾನ್‌ವರೆಗಿನದು ಬೇಬಿ. ಅಲ್ಲಿಂದ 26.5ರವರೆಗೆ ಫ್ಲೀಸ್, 29ರವರೆಗೆ ಮೀಡಿಯಂ ಫ್ಲೀಸ್, 31.5ರವರೆಗೆ ವಾರಿಸೊ, ಅದಕ್ಕೂ ಮೇಲಿನದು ಒರಟು. ಬೇಬಿಗಿಂತಲೂ ನಯವಾದ, 20ರ ಆಸುಪಾಸಿನ ಎಳೆಯನ್ನು ವ್ಯಾಪಾರದವರು ರಾಯಲ್ ಎನ್ನುತ್ತಾರೆ.

ಮೊದಲ ಸಲ ಕತ್ತರಿಸಿದ ಉಣ್ಣೆ ಸಾಮಾನ್ಯವಾಗಿ ನಯ ಜಾಸ್ತಿ, ಹೆಸರು ಹುಟ್ಟಿದ್ದು ಹಾಗೆ. ಆದರೆ ಒಳ್ಳೆಯ ತಳಿಯ ದೊಡ್ಡ ಪ್ರಾಣಿಯಿಂದಲೂ ಬೇಬಿ ದರ್ಜೆಯ ಉಣ್ಣೆ ಬರುತ್ತದೆ. ಮರಿಯ ಉಣ್ಣೆಯೇ ಒರಟಾಗಿದ್ದರೆ ಅದಕ್ಕೆ ಆ ಹೆಸರು ಸಿಗುವುದಿಲ್ಲ.

ಈ ವಿಂಗಡಣೆ ಇವತ್ತಿಗೂ ಬಹುಮಟ್ಟಿಗೆ ಕೈಕೆಲಸವೇ. ಪೆರುವಿನ ಉಣ್ಣೆ ವ್ಯಾಪಾರದ ಊರು ಅರೆಕಿಪಾ. ಅಲ್ಲಿ ಹೆಂಗಸರು ಒಂದಿಡೀ ಪ್ರಾಣಿಯ ಉಣ್ಣೆಯನ್ನು ಹರಡಿಕೊಂಡು ಕೂರುತ್ತಾರೆ. ಒಂದು ಹಿಡಿ ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ಈ ರಾಶಿಗೋ ಆ ರಾಶಿಗೋ ಹಾಕುತ್ತಾರೆ. ಬೆನ್ನು, ಪಕ್ಕೆಯ ಉಣ್ಣೆ ಒಂದು ಕಡೆ, ಕಾಲು, ಎದೆ, ಹೊಟ್ಟೆಯ ಒರಟು ಕೂದಲು ಇನ್ನೊಂದು ಕಡೆ. ಕಣ್ಣಿಗೆ ಒಂದೇ ಥರ ಕಾಣುವ ಎಳೆಗಳಲ್ಲಿ ಕೆಲವೇ ಮೈಕ್ರಾನ್ ಫರಕನ್ನು ಆ ಬೆರಳುಗಳು ಹಿಡಿಯುತ್ತವೆ. ನಿಮ್ಮ ಸ್ವೆಟರ್‌ನ ನಯದ ಅರ್ಧ ಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

## ಮೈಮೇಲೆ ಹಾಕಿಕೊಂಡಾಗ

ಉಣ್ಣೆ ಬಟ್ಟೆ ಹಾಕಿದ್ರೆ ಕತ್ತೆಲ್ಲಾ ಚುಚ್ಚುತ್ತೆ. ಇದೂ ಹಾಗೇನಾ?

ದರ್ಜೆ ನೋಡಿ ಕೊಂಡರೆ ಚುಚ್ಚುವುದಿಲ್ಲ. ಏಕೆ ಚುಚ್ಚುತ್ತದೆ ಎಂದು ಒಮ್ಮೆ ಅರ್ಥವಾದರೆ ಆಮೇಲೆ ಯಾವ ಉಣ್ಣೆ ಕೊಳ್ಳುವಾಗಲೂ ಮೋಸ ಹೋಗುವುದಿಲ್ಲ.

ಬಟ್ಟೆಯ ಮೇಲ್ಮೈಯಲ್ಲಿ ಎಳೆಗಳ ತುದಿಗಳು ಎದ್ದಿರುತ್ತವೆ. ತುದಿ ಚರ್ಮಕ್ಕೆ ತಾಗಿದಾಗ ಬಾಗಿದರೆ ನಮಗೆ ನಯ ಅನ್ನಿಸುತ್ತದೆ. ಬಾಗದೆ ನೆಟ್ಟಗೆ ನಿಂತು ಒತ್ತಿದರೆ ಚುಚ್ಚಿದ ಹಾಗಾಗುತ್ತದೆ. ಎಳೆಯ ದಪ್ಪ ಎರಡು ಪಟ್ಟಾದರೆ ಅದನ್ನು ಬಾಗಿಸಲು ಬೇಕಾದ ಬಲ 16 ಪಟ್ಟು ಏರುತ್ತದೆ. ಹಾಗಾಗಿ ಸ್ವಲ್ಪವೇ ದಪ್ಪ ಹೆಚ್ಚಾದರೂ ಚರ್ಮಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಸುಮಾರು 30 ಮೈಕ್ರಾನ್ ದಾಟಿದ ಎಳೆಗಳು ಬಾಗುವುದಿಲ್ಲ. ಅಂಥವು ನೂರಕ್ಕೆ ಐದಕ್ಕಿಂತ ಜಾಸ್ತಿ ಇದ್ದರೆ ಬಹಳ ಜನಕ್ಕೆ ತುರಿಕೆ ಶುರುವಾಗುತ್ತದೆ.

ಆಲ್ಪಾಕಕ್ಕೆ ಇಲ್ಲಿ ಒಂದು ಅನುಕೂಲ ಇದೆ. ಪ್ರಾಣಿಯ ಕೂದಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಕುರಿಯ ಉಣ್ಣೆಯಲ್ಲಿ ಈ ಹುರುಪೆಯ ಅಂಚು ಎದ್ದಿರುತ್ತದೆ. ಆಲ್ಪಾಕದಲ್ಲಿ ಅದರ ಅರ್ಧದಷ್ಟೂ ಎದ್ದಿರುವುದಿಲ್ಲ, ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಅದಕ್ಕೇ ಒಂದೇ ದಪ್ಪದ ಎರಡು ನೂಲು ಮುಟ್ಟಿದರೂ ಆಲ್ಪಾಕ ಜಾರುವಷ್ಟು ನಯ ಅನ್ನಿಸುತ್ತದೆ. ಆದರೆ ಒರಟು ದರ್ಜೆಯ ಆಲ್ಪಾಕ ಒರಟೇ. ಹೆಸರೊಂದೇ ನೋಡಿ ಕೊಂಡು, ಆಮೇಲೆ ಚುಚ್ಚುತ್ತದೆ ಎಂದು ಪೆಟ್ಟಿಗೆಗೆ ಹಾಕಿದವರನ್ನು ನೋಡಿದ್ದೇನೆ.

ಅಂಗೈಯಲ್ಲಿ ಹಿಡಿದು ಪರೀಕ್ಷಿಸಬೇಡಿ, ಅಂಗೈ ಚರ್ಮ ಗಟ್ಟಿ. ಬಟ್ಟೆಯನ್ನು ಕತ್ತಿನ ಪಕ್ಕಕ್ಕೆ, ಗದ್ದದ ಕೆಳಗೆ ಒತ್ತಿ ಹಿಡಿಯಿರಿ. ನಿಧಾನಕ್ಕೆ ಇಪ್ಪತ್ತು ಎಣಿಸಿ. ಅಲ್ಲಿ ಸರಿ ಅನ್ನಿಸಿದರೆ ದಿನವಿಡೀ ಸರಿ.

ನನಗೆ ಉಣ್ಣೆ ಅಲರ್ಜಿ ಇದೆ. ಆಲ್ಪಾಕ ಹಾಕ್ಬಹುದಾ?

ಉಣ್ಣೆ ಅಲರ್ಜಿ ಎಂದು ನಾವು ಕರೆಯುವುದು ಬಹಳ ಸಲ ಮೇಲೆ ಹೇಳಿದ ಚುಚ್ಚುವಿಕೆಯೇ. ಕುರಿ ಉಣ್ಣೆಯಲ್ಲಿ ಲ್ಯಾನೋಲಿನ್ ಎಂಬ ಜಿಡ್ಡು ತುಂಬಾ ಇರುತ್ತದೆ, ಕೆಲವರಿಗೆ ಅದು ಒಗ್ಗುವುದಿಲ್ಲ. ಆಲ್ಪಾಕದಲ್ಲಿ ಜಿಡ್ಡು ತೀರಾ ಕಡಿಮೆ. ಹಾಗಾಗಿ ಬಹಳ ಜನಕ್ಕೆ ಇದು ಹಿತವಾಗುತ್ತದೆ. ಆದರೂ ಇದು ಪ್ರಾಣಿಯ ಕೂದಲು, ಮೇಲೆ ಬಣ್ಣದ ರಾಸಾಯನಿಕಗಳೂ ಇರಬಹುದು. ನಿಜವಾದ ಚರ್ಮರೋಗ ಇದ್ದವರು ಚರ್ಮದ ವೈದ್ಯರನ್ನು ಕೇಳಿ, ಮೊದಲು ಒಂದು ಸಣ್ಣ ಟೋಪಿಯಲ್ಲೋ ಕೈಗವಸಿನಲ್ಲೋ ನೋಡಿ.

ಕುರಿ ಉಣ್ಣೆಗಿಂತ ಏಳು ಪಟ್ಟು ಬೆಚ್ಚಗೆ, ಎಳೆ ಒಳಗೆ ಪೊಳ್ಳು ಅಂತಾರೆ. ನಿಜನಾ?

ಪಟ್ಟುಗಳ ಲೆಕ್ಕ ನಂಬಬೇಡಿ. ಬೆಚ್ಚಗಿಡುವುದು ಎಳೆಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅದೇ ಆಲ್ಪಾಕವನ್ನು ಬಿಗಿಯಾಗಿ ನೇಯ್ದರೆ ತೆಳ್ಳಗಿನ ಕೋಟಿನ ಬಟ್ಟೆ, ಸಡಿಲವಾಗಿ ಹೆಣೆದರೆ ದಪ್ಪ ಸ್ವೆಟರ್. ಎರಡರ ಬಿಸಿ ಒಂದೇ ಆಗಲು ಹೇಗೆ ಸಾಧ್ಯ?

ಪೊಳ್ಳಿನ ಮಾತಿನಲ್ಲಿ ಅರ್ಧ ಸತ್ಯ ಇದೆ. ಆಲ್ಪಾಕದ ಬಹಳಷ್ಟು ಎಳೆಗಳ ನಡುವೆ ಬೆಂಡಿನಂಥ ಒಂದು ಭಾಗ ಇರುತ್ತದೆ. ಅದರಲ್ಲಿ ಸಣ್ಣ ಗಾಳಿಗೂಡುಗಳಿರುತ್ತವೆ. ಆದರೆ ಈ ಬೆಂಡು ಹೆಚ್ಚಾಗಿರುವುದು ದಪ್ಪ ಎಳೆಗಳಲ್ಲಿ. ತೀರಾ ನಯವಾದ ಎಳೆಗಳಲ್ಲಿ ತುಂಡು ತುಂಡಾಗಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಅಂದರೆ ಅತಿ ನಯ ಮತ್ತು ಪೂರ್ತಿ ಪೊಳ್ಳು ಎರಡೂ ಒಂದೇ ಎಳೆಯಲ್ಲಿ ಸಿಗುವುದಿಲ್ಲ.

ಬೆಚ್ಚಗಿರುತ್ತದೆ ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ನನ್ನ ಅನುಭವದಲ್ಲಿ ಆಲ್ಪಾಕದ ಶಾಲು ಹೊದ್ದರೆ ಬಿಸಿ ನಿಧಾನಕ್ಕೆ ಏರಿ ಹಾಗೇ ನಿಲ್ಲುತ್ತದೆ. ಸೆಕೆಯವರು ಇಡೀ ಸ್ವೆಟರ್ ಬದಲು ಶಾಲು, ಟೋಪಿ, ಸಾಕ್ಸ್‌ನಿಂದ ಶುರು ಮಾಡುವುದು ಒಳ್ಳೆಯದು.

ತುಂಬಾ ಹಗುರ ಅಂತಾರೆ, ಆದ್ರೆ ನನ್ನ ಸ್ವೆಟರ್ ಭಾರ ಇದೆಯಲ್ಲ?

ನಿಮ್ಮ ಕೈ ಹೇಳಿದ್ದು ಸರಿ. ಕುರಿಯ ಉಣ್ಣೆಯಲ್ಲಿ ಗುಂಗುರು ಜಾಸ್ತಿ, ಹಾಗಾಗಿ ನೂಲು ಉಬ್ಬುತ್ತದೆ. ಆಲ್ಪಾಕದಲ್ಲಿ ಗುಂಗುರು ಕಡಿಮೆ, ನೂಲು ಒತ್ತಾಗಿ ಕೂರುತ್ತದೆ. ಅದೇ ಅಳತೆಯ ಸ್ವೆಟರ್‌ಗೆ ಹೆಚ್ಚು ನೂಲು ಹಿಡಿಯುತ್ತದೆ, ತೂಕವೂ ಏರುತ್ತದೆ. ಹಗುರ ಬೇಕಾದರೆ ಎಳೆಗಳನ್ನು ಸಣ್ಣ ಬಲೆಯ ಕೊಳವೆಯೊಳಗೆ ಊದಿ ಮಾಡಿದ ನೂಲು ಸಿಗುತ್ತದೆ, ಅಥವಾ ಬ್ರಷ್ ಮಾಡಿ ನವಿರೆಬ್ಬಿಸಿದ್ದು. ಅದರಲ್ಲಿ ಹೆಣೆದ ಸ್ವೆಟರ್ ಕೈಗೆತ್ತಿಕೊಂಡರೆ ಮೋಡ ಎತ್ತಿದ ಹಾಗಿರುತ್ತದೆ.

ಮಳೆಗೆ, ಬೆವರಿಗೆ ಹೇಗೆ?

ತುಂತುರು ಮಳೆಯ ಹನಿ ಸ್ವಲ್ಪ ಹೊತ್ತು ಮೇಲೇ ನಿಲ್ಲುತ್ತದೆ, ಕೊಡವಿದರೆ ಉದುರುತ್ತದೆ. ಜೋರು ಮಳೆಗೆ ಇದು ರೇನ್‌ಕೋಟ್ ಅಲ್ಲ. ಬೆವರಿನ ಆವಿಯನ್ನು ಎಳೆ ಒಳಗೆ ಹೀರಿಕೊಂಡು ಹೊರಗೆ ಬಿಡುತ್ತದೆ, ಹಾಗಾಗಿ ಮೈ ಅಂಟಂಟಾಗುವುದು ಕಡಿಮೆ. ವಾಸನೆಯೂ ಬೇಗ ಹಿಡಿಯುವುದಿಲ್ಲ. ಒಂದು ರಾತ್ರಿ ಗಾಳಿಗೆ ಹರವಿದರೆ ಮತ್ತೆ ಹಾಕಿಕೊಳ್ಳಬಹುದು.

ಮೆರಿನೊ, ಕ್ಯಾಶ್ಮೀರ್, ಆಲ್ಪಾಕ. ಮೂರರಲ್ಲಿ ಯಾವುದು ಒಳ್ಳೇದು?

ಯಾವುದಕ್ಕೆ ಎಂದು ಮೊದಲು ಹೇಳಿ. ಮೈಗೆ ಅಂಟುವ ಒಳಉಡುಪು, ಓಡಾಟದ ಬಟ್ಟೆಗೆ ಮೆರಿನೊ, ಅಂದರೆ ಆ ಹೆಸರಿನ ಕುರಿಯ ನಯವಾದ ಉಣ್ಣೆ. ಅದು ರಬ್ಬರಿನ ಹಾಗೆ ಹಿಗ್ಗಿ ಮತ್ತೆ ಕುಗ್ಗುತ್ತದೆ, 17ರಿಂದ 24 ಮೈಕ್ರಾನ್‌ನಲ್ಲಿ ಸಿಗುತ್ತದೆ. ಅತಿ ನಯ ಬೇಕಾದರೆ ಕ್ಯಾಶ್ಮೀರ್, ಅಂದರೆ ಮೇಕೆಯ ಒಳಪದರದ ಕೂದಲು, 19 ಮೈಕ್ರಾನ್‌ಗೂ ಕಡಿಮೆ. ಆದರೆ ಅದರ ಎಳೆ ಗಿಡ್ಡ, ಮೂರ್ನಾಲ್ಕು ಸೆಂಟಿಮೀಟರ್, ಹಾಗಾಗಿ ಉಜ್ಜಿದ ಕಡೆ ಬೇಗ ಉಂಡೆ ಕಟ್ಟುತ್ತದೆ.

ಆಲ್ಪಾಕದ ಎಳೆ ಉದ್ದ, ಕ್ಯಾಶ್ಮೀರ್‌ನ ಎರಡು ಮೂರು ಪಟ್ಟು, ಗಟ್ಟಿಯೂ ಹೌದು. ಬೇಬಿ ಆಲ್ಪಾಕ ನಯದಲ್ಲಿ ಕ್ಯಾಶ್ಮೀರ್‌ಗೆ ಒಂದು ಹೆಜ್ಜೆ ಹಿಂದೆ, ಬಾಳಿಕೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ಎನ್ನುವುದು ನನ್ನ ಅಭಿಪ್ರಾಯ. ಶಾಲು, ಕೋಟು, ಸಡಿಲ ಸ್ವೆಟರ್, ಜೋತುಬಿದ್ದರೆ ಚೆಂದ ಕಾಣುವ ಯಾವುದಕ್ಕೂ ನಾನು ಕಣ್ಣು ಮುಚ್ಚಿ ಆಲ್ಪಾಕ ಆರಿಸುತ್ತೇನೆ.

## ಕೊಳ್ಳುವಾಗ

ಇದು ನಿಜವಾದ ಆಲ್ಪಾಕ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಬಟ್ಟೆಯ ಒಳಗೆ ಹೊಲಿದ ಲೇಬಲ್ ಪಟ್ಟಿ ಓದಿ. ಮುಂದೆ ದೊಡ್ಡದಾಗಿ ಆಲ್ಪಾಕ ಎಂದಿದ್ದು, ಒಳಗೆ ನೂರಕ್ಕೆ ಹತ್ತು ಆಲ್ಪಾಕ, ಉಳಿದದ್ದು ಅಕ್ರಿಲಿಕ್ ಇರುವುದು ಉಂಟು. ಯುರೋಪಿನ ಪಟ್ಟಿಗಳಲ್ಲಿ ಎರಡಕ್ಷರದ ಗುರುತುಗಳಿರುತ್ತವೆ: ಆಲ್ಪಾಕಕ್ಕೆ ಡಬ್ಲ್ಯು ಪಿ, ಕುರಿ ಉಣ್ಣೆಗೆ ಡಬ್ಲ್ಯು ಓ, ಕ್ಯಾಶ್ಮೀರ್‌ಗೆ ಡಬ್ಲ್ಯು ಎಸ್, ಲಾಮಾಗೆ ಡಬ್ಲ್ಯು ಎಲ್.

ಪ್ಲಾಸ್ಟಿಕ್ ನೂಲೇ ಎಂದು ತಿಳಿಯಲು ಒಂದೆರಡು ಎಳೆ ಕಿತ್ತು ಸುಟ್ಟು ನೋಡಬಹುದು. ಆಲ್ಪಾಕ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ಆರುತ್ತದೆ, ಉಳಿದ ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಲೋಹದ ತಟ್ಟೆಯ ಮೇಲೆ, ನೀರು ಪಕ್ಕದಲ್ಲಿಟ್ಟುಕೊಂಡು ಮಾಡಿ. ಆದರೆ ಕುರಿ ಉಣ್ಣೆಯೂ ಹೀಗೇ ಸುಡುತ್ತದೆ. ಆಲ್ಪಾಕವನ್ನೂ ಕುರಿ ಉಣ್ಣೆಯನ್ನೂ ಖಚಿತವಾಗಿ ಬೇರೆ ಮಾಡಿ ಹೇಳಲು ಸೂಕ್ಷ್ಮದರ್ಶಕವೇ ಬೇಕು.

ವಾಕಾಯಾ, ಸೂರಿ ಅಂತ ಎರಡು ಹೆಸರು ಕೇಳಿದೆ. ಯಾವುದು ತಗೋಬೇಕು?

ಆಲ್ಪಾಕದಲ್ಲಿ ಇವೇ ಎರಡು ಬಗೆ. ವಾಕಾಯಾ ನೋಡಲು ಹತ್ತಿಯ ಉಂಡೆ, ಉಣ್ಣೆ ಗುಂಗುರಾಗಿ ಉಬ್ಬಿರುತ್ತದೆ. ಹತ್ತರಲ್ಲಿ ಒಂಬತ್ತು ಆಲ್ಪಾಕ ಇದೇ. ಸೂರಿಯ ಉಣ್ಣೆ ತೆಳು ಜಡೆಗಳಂತೆ ಎರಡೂ ಕಡೆ ಇಳಿಬಿದ್ದಿರುತ್ತದೆ, ರೇಷ್ಮೆಯಂಥ ಹೊಳಪು. ಸ್ವೆಟರ್, ಟೋಪಿಗೆ ವಾಕಾಯಾ. ನೇಯ್ದ ಕೋಟಿನ ಬಟ್ಟೆ, ಮಿರುಗುವ ಶಾಲಿಗೆ ಸೂರಿ. ಪಟ್ಟಿಯಲ್ಲಿ ಏನೂ ಬರೆದಿಲ್ಲದಿದ್ದರೆ ಅದು ವಾಕಾಯಾ ಎಂದುಕೊಳ್ಳಿ.

ನೂರಕ್ಕೆ ನೂರು ಆಲ್ಪಾಕನೇ ಬೇಕಾ, ಮಿಶ್ರಣ ಸಾಕಾ?

ಮಿಶ್ರಣ ಎಂದರೆ ಕಲಬೆರಕೆ ಎಂದು ಎಣಿಸಬೇಡಿ. ಮೆರಿನೊ ಸೇರಿದರೆ ಹಿಗ್ಗಿ ಕುಗ್ಗುವ ಗುಣ ಬರುತ್ತದೆ, ಸ್ವೆಟರ್ ಆಕಾರ ಹಿಡಿದು ನಿಲ್ಲುತ್ತದೆ. ರೇಷ್ಮೆ ಸೇರಿದರೆ ಹೊಳಪು, ಗಟ್ಟಿತನ. ಸಾಕ್ಸ್‌ಗೆ ಸ್ವಲ್ಪ ನೈಲಾನ್ ಇರಲೇಬೇಕು, ಇಲ್ಲದಿದ್ದರೆ ಹಿಮ್ಮಡಿ ಒಂದೇ ಚಳಿಗಾಲಕ್ಕೆ ತೂತಾಗುತ್ತದೆ. ಬರಿಯ ಆಲ್ಪಾಕ ಚೆಂದ ಕಾಣುವುದು ಶಾಲು, ಸ್ಕಾರ್ಫ್‌ನಲ್ಲಿ. ಆಲ್ಪಾಕದ ಪಾಲು ಅರ್ಧಕ್ಕಿಂತ ಕೆಳಗೆ ಇಳಿದು, ಉಳಿದದ್ದು ಅಕ್ರಿಲಿಕ್ ಆಗಿದ್ದರೆ ಮಾತ್ರ ಬಿಟ್ಟುಬಿಡಿ.

ಬಣ್ಣ ಹಾಕದೇ ಇರೋದು ಸಿಗುತ್ತಾ?

ಸಿಗುತ್ತದೆ, ಹುಡುಕಿ ಕೊಳ್ಳಿ ಎಂದೇ ಹೇಳುತ್ತೇನೆ. ಬಿಳಿ, ಕೆನೆ, ಜಿಂಕೆ ಬಣ್ಣ, ಕಂದು, ಬೂದು, ಅಚ್ಚ ಕಪ್ಪು, ಹೀಗೆ 22 ಸಹಜ ಬಣ್ಣಗಳನ್ನು ವ್ಯಾಪಾರದಲ್ಲಿ ಗುರುತಿಸಿದ್ದಾರೆ. ಗಿರಣಿಗಳಿಗೆ ಬಣ್ಣ ಹಾಕಲು ಬಿಳಿಯೇ ಸುಲಭ. ಆದ್ದರಿಂದ ಸಾಕುವವರು ಬಿಳಿ ಪ್ರಾಣಿಗಳನ್ನೇ ಹೆಚ್ಚು ಬೆಳೆಸಿದರು, ಬಣ್ಣದ ಆಲ್ಪಾಕಗಳು ಕಡಿಮೆಯಾದವು. ಕಪ್ಪು ಎಂದುಕೊಂಡ ನೂಲನ್ನು ಬಿಸಿಲಿಗೆ ಹಿಡಿದು ನೋಡಿ. ಸಹಜ ಬಣ್ಣವಾದರೆ ಒಳಗೆ ಕಾಫಿ ಬಣ್ಣದ, ಕೆಂಪು ಛಾಯೆಯ ಎಳೆಗಳು ಅಲ್ಲಲ್ಲಿ ಮಿಂಚುತ್ತವೆ. ಬಣ್ಣ ಹಾಕಿದ ಕಪ್ಪಿನಲ್ಲಿ ಆ ಜೀವ ಇರುವುದಿಲ್ಲ.

## ಜೋಪಾನ

ಸ್ವೆಟರ್ ದಿನೇ ದಿನೇ ಉದ್ದ ಆಗ್ತಿದೆ! ಏನು ಮಾಡ್ಲಿ?

ಮೊದಲು ಅದನ್ನು ಹ್ಯಾಂಗರ್‌ನಿಂದ ಇಳಿಸಿ.

ನನ್ನ ಮೊದಲ ಆಲ್ಪಾಕ ಸ್ವೆಟರ್‌ಗೂ ಹೀಗೇ ಆಯಿತು. ಮೂರು ತಿಂಗಳು ಹೆಣೆದಿದ್ದೆ. ಸೊಂಟದಲ್ಲಿ ನಿಲ್ಲಬೇಕಿದ್ದ ಅಂಚು ಚಳಿಗಾಲ ಮುಗಿಯುವಷ್ಟರಲ್ಲಿ ತೊಡೆಗೆ ಇಳಿದಿತ್ತು, ತೋಳು ಬೆರಳಿನ ಗೆಣ್ಣು ಮುಟ್ಟುತ್ತಿತ್ತು. ಬಿಚ್ಚುವಾಗ ಸಂಕಟವಾಯಿತು. ಆದರೆ ಬಿಚ್ಚಿದ ನೂಲನ್ನು ನೋಡಿದಾಗ ಕಾರಣ ಗೊತ್ತಾಯಿತು. ಕುರಿ ಉಣ್ಣೆಯ ಸ್ವೆಟರ್ ಬಿಚ್ಚಿದರೆ ನೂಲು ಸುರುಳಿ ಸುರುಳಿಯಾಗಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಇದು ಸಣ್ಣ ಅಲೆಗಳಾಗಿ ಸುಮ್ನೆ ಕೆಳಗೆ ಬಿದ್ದಿತ್ತು.

ಚಪ್ಪಟೆ ಹುರುಪೆ, ಕಡಿಮೆ ಗುಂಗುರು. ಇವೆರಡೇ ಆಲ್ಪಾಕವನ್ನು ನಯವಾಗಿಸುವುದು. ಇವೆರಡೇ ಎಳೆಯ ಮೇಲೆ ಎಳೆ ಜಾರುವಂತೆ ಮಾಡುವುದು. ಜಾರಿದ ಎಳೆಯನ್ನು ಹಿಂದಕ್ಕೆ ಎಳೆಯಲು ಸುರುಳಿ ಇಲ್ಲ. ಬಟ್ಟೆಯ ತೂಕವೇ ಬಟ್ಟೆಯನ್ನು ಕೆಳಕ್ಕೆ ಜಗ್ಗುತ್ತದೆ. ಆದ್ದರಿಂದ ಯಾವಾಗಲೂ ಮಡಚಿಡಿ, ನೇತುಹಾಕಬೇಡಿ. ಈಗಾಗಲೇ ಉದ್ದವಾಗಿದ್ದರೆ ಒದ್ದೆ ಮಾಡಿ, ನೀರು ಹೀರಿಸಿ, ಚಪ್ಪಟೆಯಾಗಿ ಹಾಸಿ, ಕೈಯಿಂದ ಮೆಲ್ಲಗೆ ಒತ್ತಿ ಮೊದಲಿನ ಅಳತೆಗೆ ತಂದು ಒಣಗಿಸಿ. ಪೂರ್ತಿ ಅಲ್ಲದಿದ್ದರೂ ಬಹುಪಾಲು ಸರಿಹೋಗುತ್ತದೆ. ಕೊಳ್ಳುವಾಗಲೇ ಭುಜದ ಹೊಲಿಗೆಗೆ ಒಳಗಿನಿಂದ ಪಟ್ಟಿ ಕೊಟ್ಟಿದ್ದಾರಾ ನೋಡಿ. ಆ ಪಟ್ಟಿ ಅರ್ಧ ಭಾರ ಹೊರುತ್ತದೆ.

ವಾಷಿಂಗ್ ಮೆಷಿನ್‌ಗೆ ಹಾಕ್ಬಹುದಾ?

ಪಟ್ಟಿಯಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ. ಇಲ್ಲದಿದ್ದರೆ ಕೈಯಲ್ಲೇ ಒಗೆಯಿರಿ. ನೀರು 30 ಡಿಗ್ರಿ ಮೀರಬಾರದು, ಅಂದರೆ ಕೈಗೆ ಬಿಸಿ ಅನ್ನಿಸಬಾರದು. ಉಣ್ಣೆಗೆಂದೇ ಮಾಡಿದ ಸೋಪು, ಅದಿಲ್ಲದಿದ್ದರೆ ಒಂದು ಹನಿ ಶಾಂಪೂ. ಹತ್ತು ನಿಮಿಷ ನೆನೆಸಿ, ಒತ್ತಿ ಬಿಡಿ. ಉಜ್ಜಬೇಡಿ, ಹಿಂಡಬೇಡಿ, ಒದ್ದೆ ಬಟ್ಟೆಯನ್ನು ತೋಳು ಹಿಡಿದು ಎತ್ತಬೇಡಿ. ಎರಡೂ ಕೈಯಲ್ಲಿ ಮಗುವನ್ನು ನೀರಿನಿಂದ ಎತ್ತಿದ ಹಾಗೆ ಎತ್ತಿ. ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ನೆರಳಲ್ಲಿ ಚಪ್ಪಟೆಯಾಗಿ ಹರವಿ.

ಮಾಮೂಲಿ ಸೋಪಿನ ಪುಡಿ ಏಕೆ ಬೇಡ? ಅದರಲ್ಲಿ ಕಲೆ ತೆಗೆಯುವ ಕಿಣ್ವಗಳಿರುತ್ತವೆ, ಅವು ಪ್ರೋಟೀನ್ ತಿನ್ನುತ್ತವೆ. ಆಲ್ಪಾಕವೇ ಪ್ರೋಟೀನ್. ಕ್ಲೋರಿನ್ ಬ್ಲೀಚ್ ಅಂತೂ ಎಳೆಯನ್ನು ಕರಗಿಸಿಯೇ ಬಿಡುತ್ತದೆ. ಕುರಿ ಉಣ್ಣೆಯಷ್ಟು ಬೇಗ ಇದು ಕುಗ್ಗಿ ಗಟ್ಟಿಯಾಗುವುದಿಲ್ಲ ಎನ್ನುವುದು ನಿಜ. ಆದರೆ ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದರೆ ಇದೂ ಕಂಬಳಿಯಂತೆ ಗಟ್ಟಿಯಾಗುತ್ತದೆ. ಹಾಗಾದ ಮೇಲೆ ಬಿಡಿಸಲು ದಾರಿ ಇಲ್ಲ.

ಹೊಸ ಶಾಲಿನಿಂದ ಕೂದಲು ಉದುರ್ತಿದೆ. ಕೆಟ್ಟ ಮಾಲಾ?

ಇರಬೇಕೆಂದೇನೂ ಇಲ್ಲ. ನವಿರೆಬ್ಬಿಸಿದ ನೂಲಿನಲ್ಲಿ ಸಡಿಲ ಎಳೆಗಳು ಮೊದಲ ಕೆಲವು ಸಲ ಉದುರುತ್ತವೆ, ಆಮೇಲೆ ನಿಲ್ಲುತ್ತದೆ. ಹೊರಗೆ ನಾಲ್ಕು ಸಲ ಕೊಡವಿ, ಒಮ್ಮೆ ಒಗೆಯಿರಿ. ಕಂಕುಳ, ತೋಳಿನ ಒಳಬದಿಯಲ್ಲಿ ಉಂಡೆ ಕಟ್ಟಿದರೆ ಕೀಳಬೇಡಿ, ಜೊತೆಗೆ ಒಳ್ಳೆಯ ಎಳೆಯೂ ಬರುತ್ತದೆ. ಸಣ್ಣ ಕತ್ತರಿಯಿಂದ ಕತ್ತರಿಸಿ. ತಿಂಗಳುಗಟ್ಟಲೆ ಉದುರುತ್ತಲೇ ಇದ್ದರೆ ಗಿಡ್ಡ ಎಳೆಗಳಿಂದ ನೂತ ಅಗ್ಗದ ನೂಲು ಅದು.

ನುಸಿ ತಿನ್ನದ ಹಾಗೆ ಎತ್ತಿಡೋದು ಹೇಗೆ?

ಬಟ್ಟೆ ತಿನ್ನುವುದು ಹಾರುವ ಚಿಟ್ಟೆಯಲ್ಲ, ಅದರ ಮರಿಹುಳ. ಅದಕ್ಕೆ ಬೆವರು, ಎಣ್ಣೆ, ಊಟದ ಕಲೆ ಇರುವ ಬಟ್ಟೆ ಇನ್ನೂ ಇಷ್ಟ. ಎತ್ತಿಡುವ ಮೊದಲು ಒಗೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬದಲ್ಲೋ ಜಿಪ್ ಇರುವ ಚೀಲದಲ್ಲೋ ಇಡಿ. ಹುಳ ಇದೆ ಎಂದು ಅನುಮಾನ ಬಂದರೆ ಚೀಲ ಸಮೇತ ಫ್ರೀಜರ್‌ನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ನುಸಿಗುಳಿಗೆಯ ವಾಸನೆ ಉಣ್ಣೆಗೆ ಹಿಡಿದರೆ ಬೇಗ ಹೋಗುವುದಿಲ್ಲ, ಅದರ ಆವಿ ಉಸಿರಾಟಕ್ಕೂ ಒಳ್ಳೆಯದಲ್ಲ. ನಾನು ಬಳಸುವುದಿಲ್ಲ. ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ, ಮಡಿಕೆ ಬದಲಾಯಿಸಿ ಇಡುತ್ತೇನೆ.

## ಇನ್ನೂ ಒಳಗೆ ಹೋಗುವವರಿಗೆ

ಕುರಿ ಉಣ್ಣೆಗೆ ಬರೆದ ಅಳತೆಯಲ್ಲಿ ಆಲ್ಪಾಕ ಹೆಣೆದ್ರೆ ನಡೆಯುತ್ತಾ?

ನೇರವಾಗಿ ನಡೆಯುವುದಿಲ್ಲ. ಮಾದರಿ ತುಂಡು ದೊಡ್ಡದಾಗಿಯೇ ಹೆಣೆಯಿರಿ. ಒಗೆದು ಒಣಗಿಸಿ, ಆಮೇಲೆ ಅದರ ಕೆಳ ಅಂಚಿಗೆ ಬಟ್ಟೆಯ ಕ್ಲಿಪ್ಪುಗಳನ್ನು ಸಿಕ್ಕಿಸಿ ಒಂದು ರಾತ್ರಿ ತೂಗುಹಾಕಿ. ಬೆಳಗ್ಗೆ ಅಳೆದರೆ ನಿಜವಾದ ಲೆಕ್ಕ ಸಿಗುತ್ತದೆ. ಒಂದು ಅಳತೆ ಸಣ್ಣ ಕಡ್ಡಿ ಬಳಸಿ. ಉದ್ದವನ್ನು ಕಡಿಮೆ ಇಟ್ಟುಕೊಂಡು ಹೆಣೆಯಿರಿ. ಕತ್ತು, ಮುಂಗೈಯ ರಿಬ್ (ಹಿಗ್ಗಿ ಕುಗ್ಗುವ ಗೀರು ಹೆಣಿಗೆ) ಬಿಗಿ ಹಿಡಿಯುವುದಿಲ್ಲ, ಅಲ್ಲಿಗೆ ಮೆರಿನೊ ಮಿಶ್ರಣದ ನೂಲು ಒಳ್ಳೆಯದು. ತುಂಡುಗಳನ್ನು ಹೊಲಿದು ಕೂಡಿಸಿದ ಸ್ವೆಟರ್, ಸುತ್ತ ಹೆಣೆದದ್ದಕ್ಕಿಂತ ಆಕಾರ ಉಳಿಸಿಕೊಳ್ಳುತ್ತದೆ. ಹೊಲಿಗೆಯೇ ಅಲ್ಲಿ ಎಲುಬು.

ಆಂಡೀಸ್‌ನಿಂದ ಹೊರಗೆ ಇದು ಹೇಗೆ ಬಂತು?

ಆಲ್ಪಾಕ ಬಟ್ಟೆಯ ದೊಡ್ಡ ಕಾರ್ಖಾನೆ ಎದ್ದದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. 1836ರಲ್ಲಿ ಬ್ರಾಡ್‌ಫರ್ಡ್‌ನ ಟೈಟಸ್ ಸಾಲ್ಟ್ ಎಂಬ ಗಿರಣಿಯವನಿಗೆ ಲಿವರ್‌ಪೂಲ್‌ನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಆಲ್ಪಾಕ ಮೂಟೆಗಳು ಕಂಡವು. ಉದ್ದ ಎಳೆ, ಜಾರುವ ಗುಣ, ಕುರಿ ಉಣ್ಣೆಯ ಯಂತ್ರಗಳಿಗೆ ಒಗ್ಗುವುದಲ್ಲ. ಮಗ್ಗದ ಉದ್ದದ ಎಳೆಗೆ (ಹಾಸು) ಹತ್ತಿಯ ನೂಲು, ಅಡ್ಡದ ಎಳೆಗೆ (ಹೊಕ್ಕು) ಆಲ್ಪಾಕ ಇಟ್ಟು ಅವನು ಹೊಳೆಯುವ ಹಗುರ ಬಟ್ಟೆ ನೇಯಿಸಿದ. ಅದು ಹೆಂಗಸರ ಉಡುಪಿಗೆ ಭಾರಿ ಬೇಡಿಕೆಯದಾಯಿತು. 1853ರಲ್ಲಿ ತೆರೆದ ಅವನ ಗಿರಣಿ ಮತ್ತು ಕೆಲಸಗಾರರಿಗೆ ಕಟ್ಟಿಸಿದ ಊರು ಸಾಲ್ಟೇರ್ ಈಗ ವಿಶ್ವ ಪರಂಪರೆಯ ತಾಣ.

ಪರಿಸರಕ್ಕೆ, ಪ್ರಾಣಿಗೆ ಇದರಿಂದ ತೊಂದರೆ ಇಲ್ವಾ?

ಮೇವಿನ ವಿಷಯದಲ್ಲಿ ಆಲ್ಪಾಕ ಒಳ್ಳೆಯ ಪ್ರಾಣಿ. ಅದರ ಪಾದದಡಿ ಮೆತ್ತಗಿನ ದಿಂಬಿನಂಥ ಚರ್ಮ, ಗೊರಸಿನ ಹಾಗೆ ನೆಲ ಅಗೆಯುವುದಿಲ್ಲ. ಹುಲ್ಲನ್ನು ಬೇರುಸಹಿತ ಕೀಳದೆ ಕಚ್ಚಿ ತಿನ್ನುತ್ತದೆ. ಬೇರೆ ಬೆಳೆ ಬಾರದ ಎತ್ತರದಲ್ಲಿ ಬದುಕುತ್ತದೆ. ಉಣ್ಣೆಯಲ್ಲಿ ಜಿಡ್ಡು ಕಡಿಮೆ ಇರುವುದರಿಂದ ತೊಳೆಯಲು ಸೋಪೂ ಕಡಿಮೆ ಸಾಕು. ಆದರೂ ಹಿಂಡು ಮಿತಿಮೀರಿದರೆ ಹುಲ್ಲುಗಾವಲು ಸವೆಯುತ್ತದೆ.

ಪ್ರಾಣಿಯ ಮಾತಿಗೆ ಬಂದರೆ, 2020ರಲ್ಲಿ ಪೆರುವಿನ ಒಂದು ಫಾರ್ಮ್‌ನಲ್ಲಿ ಉಣ್ಣೆ ಕತ್ತರಿಸುವಾಗ ಆಲ್ಪಾಕಗಳನ್ನು ಒರಟಾಗಿ ನಡೆಸಿಕೊಂಡ ವಿಡಿಯೊ ಹೊರಬಂತು. ನೋಡಲು ಕಷ್ಟವಾಗುವಂಥದ್ದು. ಕೆಲವು ದೊಡ್ಡ ಬಟ್ಟೆ ಕಂಪನಿಗಳು ಆಗ ಆಲ್ಪಾಕ ಕೊಳ್ಳುವುದನ್ನು ನಿಲ್ಲಿಸಿದವು. ಮರುವರ್ಷ, 2021ರಲ್ಲಿ, ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆ ರೆಸ್ಪಾನ್ಸಿಬಲ್ ಆಲ್ಪಾಕ ಸ್ಟ್ಯಾಂಡರ್ಡ್ ಎಂಬ ನಿಯಮಾವಳಿ ತಂದಿತು. ಸಾಕುವ ಜಾಗದಿಂದ ಬಟ್ಟೆಯವರೆಗೆ ತಪಾಸಣೆ ಅದರಲ್ಲಿದೆ. ಈಗ ನಾನು ನೂಲು ಕೊಳ್ಳುವ ಮೊದಲು ಆ ಗುರುತನ್ನು ಹುಡುಕುತ್ತೇನೆ. ಅದಿಲ್ಲದಿದ್ದರೆ ಉಣ್ಣೆ ಎಲ್ಲಿಯದು, ಯಾರು ಕತ್ತರಿಸಿದ್ದು ಎಂದು ಮಾರುವವರನ್ನೇ ಕೇಳುತ್ತೇನೆ. ನೇರ ಉತ್ತರ ಬಾರದಿದ್ದರೆ ಕೊಳ್ಳುವುದಿಲ್ಲ.

ಹಿಂದಿನ ಕಾಲದ ಆಲ್ಪಾಕ ಇನ್ನೂ ನಯವಾಗಿತ್ತಂತೆ, ಹೌದಾ?

ಹೌದು. ಪೆರುವಿನ ದಕ್ಷಿಣದಲ್ಲಿ ಎಲ್ ಯರಾಲ್ ಎಂಬ ಒಣ ಜಾಗವಿದೆ. ಅಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಬಲಿ ಕೊಟ್ಟು ಮನೆಗಳ ನೆಲದಡಿ ಹೂಳಿದ್ದ ಲಾಮಾ, ಆಲ್ಪಾಕಗಳು ಸಿಕ್ಕವು. ಮರುಭೂಮಿಯ ಒಣ ಹವೆಗೆ ಚರ್ಮ, ಉಣ್ಣೆ ಎಲ್ಲ ಹಾಗೇ ಉಳಿದಿದ್ದವು. ಜೇನ್ ವೀಲರ್ ಎಂಬ ವಿಜ್ಞಾನಿ ಆ ಉಣ್ಣೆಯನ್ನು ಅಳೆದು ನೋಡಿದಾಗ ಅದು ಇವತ್ತಿನ ಸಾಮಾನ್ಯ ಆಲ್ಪಾಕಕ್ಕಿಂತ ನಯ, ಮೈಯೆಲ್ಲ ಒಂದೇ ಸಮ. ಒರಟು ಕೂದಲು ತೀರಾ ಕಡಿಮೆ.

ಅಂದರೆ ಆ ಕಾಲದ ಸಾಕಣೆದಾರರಿಗೆ ಯಾವುದನ್ನು ಯಾವುದರ ಜೊತೆ ಕೂಡಿಸಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. 1532ರಲ್ಲಿ ಸ್ಪೇನಿನವರು ಬಂದ ಮೇಲೆ ಆ ವ್ಯವಸ್ಥೆ ಕುಸಿಯಿತು. ಸಾಕುವ ಜನರೂ ಸತ್ತರು, ಹಿಂಡುಗಳೂ ನಾಶವಾದವು. ಉಳಿದವು ಎತ್ತರದ ಬೆಟ್ಟಗಳಿಗೆ ಸರಿದು ಲಾಮಾಗಳ ಜೊತೆ ಬೆರೆತವು, ಎಳೆ ಒರಟಾಯಿತು. ಬೆರಕೆಯಾದ ಎಷ್ಟೋ ಪ್ರಾಣಿಗಳು ನೋಡಲು ಅಪ್ಪಟ ಆಲ್ಪಾಕದ ಹಾಗೇ ಇರುತ್ತವೆ. ಹಾಗಾಗಿ ಬೆರಕೆಯಾಗದ ಹಿಂಡನ್ನು ಹುಡುಕಬೇಕಾದರೆ ಕಣ್ಣಳತೆ ಸಾಲದು, ಡಿಎನ್‌ಎ ನೋಡಿಯೇ ಹೇಳಬೇಕು.